ವಂಶ, ಅವಮಾನ, ಖಿನ್ನತೆ ಮತ್ತು ಹೃದಯ

ಚಿತೆಗೂ ಚಿಂತೆಗೂ ಇರುವುದು ಒಂದು ಸೊನ್ನೆಯ ಅಂತರ ಮಾತ್ರ ಎಂದು ಹಿರಿಯರು ಹೇಳುತ್ತ ಬಂದಿದ್ದಾರೆ. ಚಿತೆ ಸತ್ತವರನ್ನು ಸುಟ್ಟರೆ ಚಿಂತೆ ಬದುಕಿರುವವರನ್ನು ಸುಡುತ್ತದೆ. ಮನಸ್ಸಿನ ನೋವು ದೇಹದ ರೋಗವಾಗಿ ಪರಿಣಮಿಸಬಲ್ಲದೆಂಬ ಈ ಅನುಭವದ ಮಾತನ್ನು ವೈದ್ಯವಿಜ್ಞಾನವು ಬಹುಕಾಲ ಅಳತೆಗೆ ಸಿಗದ ವಿಷಯವೆಂದು ಬದಿಗಿರಿಸಿತ್ತು. ಕಳೆದ ಐದಾರು ದಶಕಗಳಲ್ಲಿ ಆ ಪರಿಸ್ಥಿತಿ ಬದಲಾಗಿದೆ. ಚಿಂತೆಯನ್ನೂ, ಅದರ ಹಿಂದಿರುವ ಅವಮಾನವನ್ನೂ, ಅದು ಹೃದಯದ ಮೇಲೆ ಉಂಟುಮಾಡುವ ಪರಿಣಾಮವನ್ನೂ ಅಳೆದು ನೋಡುವ ಪ್ರಯತ್ನಗಳು ಹಲವು ದೇಶಗಳಲ್ಲಿ ನಡೆದಿವೆ.

ಮುಂಬಯಿಯ ಕನ್ನಡಿಗರಲ್ಲಿ ಯಾರಿಗಾದರೂ ಹೃದಯಾಘಾತವಾಯಿತೆಂಬ ಸುದ್ದಿ ಬಂದಾಗ ಸಾಮಾನ್ಯವಾಗಿ ಎರಡು ಮಾತುಗಳು ಕೇಳಿಬರುತ್ತವೆ. "ಅವರ ತಂದೆಗೂ ಹೀಗೆಯೇ ಆಗಿತ್ತು" ಎಂಬುದು ಒಂದು. "ಬೀಡಿ ಸಿಗರೇಟು ಬಿಡಲಿಲ್ಲ, ಎಣ್ಣೆ ತಿಂಡಿ ಬಿಡಲಿಲ್ಲ" ಎಂಬುದು ಇನ್ನೊಂದು. ಎರಡರಲ್ಲಿಯೂ ಸತ್ಯಾಂಶವಿದೆ. ಆದರೆ ಆ ವ್ಯಕ್ತಿ ಕೆಲವು ತಿಂಗಳುಗಳಿಂದ ಸರಿಯಾಗಿ ನಿದ್ರಿಸುತ್ತಿರಲಿಲ್ಲ, ಯಾರೊಡನೆಯೂ ಮನಬಿಚ್ಚಿ ಮಾತನಾಡುತ್ತಿರಲಿಲ್ಲ, ಯಾವುದರಲ್ಲಿಯೂ ಆಸಕ್ತಿ ಉಳಿದಿರಲಿಲ್ಲ ಎಂಬ ಮೂರನೆಯ ಮಾತನ್ನು ಯಾರೂ ಎತ್ತುವುದಿಲ್ಲ. ವೈದ್ಯರು ಕೇಳುವುದೂ ಅಪರೂಪ. ವಂಶದಿಂದ ಬಂದ ಅಪಾಯ, ಸಮಾಜದಿಂದ ಬಂದ ಅವಮಾನ, ಇವೆರಡರ ನಡುವೆ ಸಿಲುಕಿದ ಮನಸ್ಸಿನ ಖಿನ್ನತೆ—ಈ ಮೂರೂ ಒಂದೇ ಎದೆಯ ಮೇಲೆ ಬೀಳುವ ಭಾರಗಳು. ಇವುಗಳಲ್ಲಿ ಮೊದಲನೆಯದನ್ನು ಬದಲಿಸಲಾಗದು. ಉಳಿದೆರಡನ್ನು ಹಗುರಗೊಳಿಸುವುದು ಸಾಧ್ಯವಿದೆ.

ಊರು ಬಿಟ್ಟು ಬಂದವರ ಬಾಳು

ಹೊಟ್ಟೆಪಾಡಿಗಾಗಿ ಮುಂಬಯಿಗೆ ಬಂದ ಕನ್ನಡ ನಾಡಿನವರ ಇತಿಹಾಸ ಒಂದು ಶತಮಾನಕ್ಕೂ ಮಿಗಿಲಾದುದು. ಮೊಗವೀರ ವ್ಯವಸ್ಥಾಪಕ ಮಂಡಳಿ 1902ರಲ್ಲಿಯೇ ಇಲ್ಲಿ ಸ್ಥಾಪನೆಯಾಯಿತು. ಮಾಟುಂಗದ ಮೈಸೂರು ಅಸೋಸಿಯೇಷನ್ 1926ರಷ್ಟು ಹಳೆಯದು. ಕರಾವಳಿಯಿಂದ ಹಡಗಿನಲ್ಲಿಯೂ ಅನಂತರ ಬಸ್ಸಿನಲ್ಲಿಯೂ ಬಂದ ಹುಡುಗರು ಹೋಟೆಲುಗಳಲ್ಲಿ ಲೋಟ ತೊಳೆದು, ಮೇಜು ಒರೆಸಿ, ರಾತ್ರಿ ಅದೇ ಹೋಟೆಲಿನ ನೆಲದ ಮೇಲೆ ಚಾಪೆ ಹಾಸಿ ಮಲಗಿ, ನಡುವೆ ಬಿಡುವು ಸಿಕ್ಕಾಗ ಕನ್ನಡ ರಾತ್ರಿಶಾಲೆಗಳಲ್ಲಿ ಅಕ್ಷರ ಕಲಿತರು. ಅವರಲ್ಲಿ ಕೆಲವರು ಹೋಟೆಲು ಮಾಲಿಕರಾದರು, ಕೆಲವರು ವಕೀಲರೂ ಅಧ್ಯಾಪಕರೂ ಬ್ಯಾಂಕ್ ಅಧಿಕಾರಿಗಳೂ ಆದರು. ಉತ್ತರ ಕರ್ನಾಟಕದ ಬರಪೀಡಿತ ತಾಲೂಕುಗಳಿಂದ ಬಂದವರು ಗಾರೆ ಕೆಲಸದಲ್ಲಿಯೂ ರಸ್ತೆ ಕೆಲಸದಲ್ಲಿಯೂ ತೊಡಗಿ, ಉಪನಗರಗಳ ಜೋಪಡಿಗಳಲ್ಲಿ ಬೀಡುಬಿಟ್ಟರು. ಅವರು ಕಟ್ಟಿದ ಕಟ್ಟಡಗಳು ನಗರದ ಹೆಮ್ಮೆಯಾದವು. ಅವರ ಹೆಸರು ಮಾತ್ರ ಯಾವ ಸ್ಮರಣಿಕೆಯಲ್ಲಿಯೂ ಕಾಣಲಿಲ್ಲ.

ಈ ಯಶಸ್ಸಿನ ಕಥೆಯ ಬದಿಯಲ್ಲಿ ಇನ್ನೊಂದು ಕಥೆಯೂ ಇದೆ. 1966ರ ಜೂನ್ ತಿಂಗಳಿನಲ್ಲಿ ಸ್ಥಾಪಿತವಾದ ಶಿವಸೇನೆಯ ಆರಂಭದ ವರ್ಷಗಳ ಚಳವಳಿಯು, ಮರಾಠಿ ಯುವಕರ ನಿರುದ್ಯೋಗಕ್ಕೆ ದಕ್ಷಿಣ ಭಾರತೀಯರೇ ಕಾರಣರೆಂದು ಸಾರಿತು. ಲುಂಗಿಯನ್ನು ಹಂಗಿಸುವ ಘೋಷಣೆ ಬೀದಿಬೀದಿಗಳಲ್ಲಿ ಕೇಳಿಬಂದಿತು. 1969ರ ಫೆಬ್ರವರಿಯಲ್ಲಿ ಗಡಿವಿವಾದದ ನೆಪದಲ್ಲಿ ನಗರದಲ್ಲಿ ನಡೆದ ಗಲಭೆಗಳಲ್ಲಿ ಹಲವರು ಜೀವ ಕಳೆದುಕೊಂಡರು. ದಕ್ಷಿಣದವರ ಹೋಟೆಲು ಅಂಗಡಿಗಳು ದಾಳಿಗೆ ತುತ್ತಾದವು. ಆ ದಿನಗಳು ಕಳೆದುಹೋಗಿವೆ. ಅಂದು ಹೋಟೆಲಿನ ಬಾಗಿಲೆಳೆದು ಒಳಗೆ ಅವಿತು ಕುಳಿತವರ ಮೊಮ್ಮಕ್ಕಳು ಇಂದು ಮರಾಠಿಯನ್ನು ಮನೆಮಾತಿನಷ್ಟೇ ಸರಾಗವಾಗಿ ಆಡುತ್ತಾರೆ. ಆದರೂ ಆಡುವ ಮಾತಿನ ಧಾಟಿಯನ್ನು ಅಣಕಿಸುವುದು, ಹೆಸರು ಕೇಳಿದೊಡನೆ ಬಾಡಿಗೆಗೆ ಮನೆಯಿಲ್ಲವೆನ್ನುವುದು, ಬಡ್ತಿಯ ಸಮಯದಲ್ಲಿ "ಹೊರಗಿನವ" ಎಂದು ಹಿಂದೆ ಸರಿಸುವುದು ಮುಂತಾದ ಸಣ್ಣ ಪೆಟ್ಟುಗಳು ವಲಸೆ ಬಂದವರ ಬಾಳಿನಿಂದ ಸಂಪೂರ್ಣವಾಗಿ ಮರೆಯಾಗಿವೆಯೆಂದು ಹೇಳಲಾಗದು.

ಭೇದಭಾವವೆಂದರೆ ಹೊರಗಿನವರು ಮಾಡುವುದು ಮಾತ್ರವಲ್ಲ. ಹೋಟೆಲಿನ ಮಾಣಿಯನ್ನು ಹೆಸರಿಡಿದು ಕರೆಯದೆ "ಏ ಹುಡುಗ" ಎನ್ನುವವರು, ಅಡುಗೆಯವನ ಜಾತಿ ಕೇಳಿ ಅವನು ಮಲಗುವ ಜಾಗವನ್ನು ನಿರ್ಧರಿಸುವವರು, ಗಾರೆ ಕೆಲಸದ ಕಲಬುರಗಿಯವರನ್ನು ತಮ್ಮ ಕನ್ನಡಿಗರೆಂದು ಎಣಿಸದವರು ಕನ್ನಡಿಗರಲ್ಲಿಯೇ ಇದ್ದಾರೆ. ಮುಂಬಯಿಯಲ್ಲಿ ಕನ್ನಡಿಗನು ಕೇಳುವ "ಹೊರಗಿನವ" ಎಂಬ ಮಾತನ್ನು ಕರ್ನಾಟಕದ ಊರುಗಳಲ್ಲಿ ಬೇರೆ ಭಾಷೆಯ ಕೂಲಿಕಾರನು ಕೇಳುತ್ತಾನೆ. ಅವಮಾನ ಯಾರ ಬಾಯಿಂದ ಬಂದರೂ ಅದು ತಾಗುವ ಎದೆಯ ರಚನೆ ಒಂದೇ.

ವಂಶದ ಪಾಲು ಎಷ್ಟು?

ಭಾರತೀಯರಲ್ಲಿ ಹೃದ್ರೋಗ ಬೇಗ ಬರುತ್ತದೆಂಬುದು ಇಂದು ಎಲ್ಲರಿಗೂ ತಿಳಿದ ವಿಷಯ. ಈ ಕುರಿತ ಮೊದಲ ದೊಡ್ಡ ಅಧ್ಯಯನಗಳಲ್ಲಿ ಒಂದು ಮುಂಬಯಿಯಿಂದಲೇ ಹೊರಟಿತು. ಪಶ್ಚಿಮ ರೈಲ್ವೆಯ ಮುಖ್ಯ ವೈದ್ಯಾಧಿಕಾರಿಗಳಾಗಿದ್ದ ಡಾ. ಎಸ್. ಎಲ್. ಮಲ್ಹೋತ್ರಾ ಅವರು ದೇಶದಾದ್ಯಂತ ರೈಲ್ವೆ ನೌಕರರ ಮರಣಗಳನ್ನು ಪರಿಶೀಲಿಸಿ, 1967ರಲ್ಲಿ ತಮ್ಮ ಫಲಿತಾಂಶವನ್ನು ಪ್ರಕಟಿಸಿದರು. ಕಿರೀಟಧಮನಿಯ ರೋಗದಿಂದ ಸಾಯುವವರ ಪ್ರಮಾಣ ಉತ್ತರ ಭಾರತದ ನೌಕರರಿಗಿಂತ ದಕ್ಷಿಣ ಭಾರತದವರಲ್ಲಿ ಸುಮಾರು ಏಳು ಪಟ್ಟು ಹೆಚ್ಚಾಗಿತ್ತು. ಆಶ್ಚರ್ಯವೆಂದರೆ, ಹೆಚ್ಚು ಕೊಬ್ಬನ್ನು ತಿನ್ನುತ್ತಿದ್ದವರು ಉತ್ತರದವರು. ಡಾ. ಮಲ್ಹೋತ್ರಾ ಅವರು ಇದಕ್ಕೆ ಕಾರಣವನ್ನು ರಕ್ತದ ಗುಣದಲ್ಲಿ ಹುಡುಕದೆ, ಕೊಬ್ಬಿನ ಬಗೆ ಮತ್ತು ಊಟದ ಪದ್ಧತಿಗಳಲ್ಲಿ ಹುಡುಕಿದರು.

ಅನಂತರ 52 ದೇಶಗಳಲ್ಲಿ ನಡೆದು 2004ರಲ್ಲಿ ಪ್ರಕಟವಾದ 'ಇಂಟರ್‌ಹಾರ್ಟ್' ಎಂಬ ಅಧ್ಯಯನದಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನವರೂ ಪಾಲ್ಗೊಂಡಿದ್ದರು. ದಕ್ಷಿಣ ಏಷ್ಯಾದವರಲ್ಲಿ ಮೊದಲ ಹೃದಯಾಘಾತ ಸರಾಸರಿ 53ರ ವಯಸ್ಸಿನ ಸುಮಾರಿಗೆ, ಅಂದರೆ ಇತರ ದೇಶಗಳವರಿಗಿಂತ ಐದಾರು ವರ್ಷ ಮೊದಲೇ ಬರುತ್ತದೆಂದು ಈ ಅಧ್ಯಯನದಿಂದ ತಿಳಿದುಬಂದಿತು. ಆದರೆ ಅದಕ್ಕಿಂತ ಮುಖ್ಯವಾದ ಇನ್ನೊಂದು ಸಂಗತಿಯೂ ಹೊರಬಿದ್ದಿತು. ಧೂಮಪಾನ, ರಕ್ತದ ಕೊಬ್ಬಿನ ಏರುಪೇರು, ರಕ್ತದೊತ್ತಡ, ಮಧುಮೇಹ, ಹೊಟ್ಟೆಯ ಬೊಜ್ಜು, ಹಣ್ಣು ತರಕಾರಿಗಳ ಕೊರತೆ, ಮದ್ಯಪಾನದ ರೂಢಿ, ವ್ಯಾಯಾಮದ ಅಭಾವ ಮತ್ತು ಮಾನಸಿಕ-ಸಾಮಾಜಿಕ ಒತ್ತಡ—ಈ ಒಂಬತ್ತು ಅಂಶಗಳೇ ಪುರುಷರಲ್ಲಿ ಹೃದಯಾಘಾತದ ಅಪಾಯದ ನೂರಕ್ಕೆ ಸುಮಾರು 90 ಪಾಲನ್ನು ವಿವರಿಸುತ್ತವೆ. ಒತ್ತಡ ಮತ್ತು ಖಿನ್ನತೆಗಳು ಪಟ್ಟಿಯ ಕೊನೆಯಲ್ಲಿ ಸೌಜನ್ಯಕ್ಕಾಗಿ ಸೇರಿಸಿದ ಅಂಶಗಳಲ್ಲ. ರಕ್ತದೊತ್ತಡ, ಮಧುಮೇಹಗಳ ಪಂಕ್ತಿಯಲ್ಲಿಯೇ ಅವುಗಳಿಗೆ ಸ್ಥಾನ ದೊರೆತಿದೆ.

ಹಾಗಾದರೆ ವಂಶದ ಪಾಲು ಇಲ್ಲವೇ? ಇದೆ. ಹುಟ್ಟಿನಿಂದಲೇ ಕೊಲೆಸ್ಟೆರಾಲ್ ಅತಿಯಾಗಿರುವ ವಂಶಪಾರಂಪರ್ಯದ ದೋಷವೊಂದು ಸುಮಾರು 250ರಿಂದ 300 ಜನರಲ್ಲಿ ಒಬ್ಬರಿಗೆ ಇರುತ್ತದೆ. ದೇಹವು ಕೊಲೆಸ್ಟೆರಾಲನ್ನು ರಕ್ತದಿಂದ ಹೊರತೆಗೆಯುವ ಬಗೆಯನ್ನು ಈ ರೋಗದ ಮೂಲಕವೇ ಕಂಡುಹಿಡಿದ ಬ್ರೌನ್ ಮತ್ತು ಗೋಲ್ಡ್‌ಸ್ಟೀನ್ ಎಂಬ ಅಮೆರಿಕದ ವೈದ್ಯರಿಗೆ 1985ರಲ್ಲಿ ನೊಬೆಲ್ ಪ್ರಶಸ್ತಿ ದೊರೆಯಿತು. ಲೈಪೊಪ್ರೋಟೀನ್-ಎ ಎಂಬ ಮತ್ತೊಂದು ಕೊಬ್ಬಿನ ಕಣದ ಪ್ರಮಾಣವು ಬಹುಮಟ್ಟಿಗೆ ಜೀನುಗಳಿಂದಲೇ ನಿರ್ಧರಿತವಾಗುತ್ತದೆ. ಹೃದಯದ ಸ್ನಾಯುವಿಗೆ ಸಂಬಂಧಿಸಿದ ಜೀನೊಂದರಲ್ಲಿ ಸಣ್ಣ ತುಣುಕು ಕಳೆದುಹೋಗಿರುವ ದೋಷವು ದಕ್ಷಿಣ ಏಷ್ಯಾದ ನೂರರಲ್ಲಿ ಸುಮಾರು 4 ಜನರಲ್ಲಿದೆಯೆಂದು ಹೈದರಾಬಾದಿನ ವಿಜ್ಞಾನಿಗಳೂ ಸೇರಿದ್ದ ತಂಡವೊಂದು 2009ರಲ್ಲಿ ತೋರಿಸಿತು. ಇಂತಹ ದೋಷವನ್ನು ಹೊತ್ತವರಲ್ಲಿಯೂ ಅನೇಕರು ಬಹುಕಾಲ ಆರೋಗ್ಯವಾಗಿಯೇ ಇರುತ್ತಾರೆಂಬುದನ್ನು ಮರೆಯಬಾರದು.

ವಂಶದಿಂದ ಬಂದಂತೆ ತೋರುವುದೆಲ್ಲ ಜೀನುಗಳಿಂದಲೇ ಬಂದುದಲ್ಲ ಎಂಬುದಕ್ಕೆ ಮೈಸೂರಿನಲ್ಲಿಯೇ ಒಂದು ನಿದರ್ಶನವಿದೆ. ಅಲ್ಲಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದ ಹೆರಿಗೆಗಳ ದಾಖಲೆಗಳನ್ನು ಕ್ರಮವಾಗಿ ಕಾಪಾಡಲಾಗಿತ್ತು. 1934ರಿಂದ 1954ರ ನಡುವೆ ಅಲ್ಲಿ ಹುಟ್ಟಿದ 517 ಮಂದಿಯನ್ನು ಅವರ ನಡುವಯಸ್ಸಿನಲ್ಲಿ ಹುಡುಕಿ ಪರೀಕ್ಷಿಸಲಾಯಿತು. 1996ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಹುಟ್ಟಿದಾಗ ಐದೂವರೆ ಪೌಂಡು ಅಥವಾ ಅದಕ್ಕೂ ಕಡಮೆ ತೂಕವಿದ್ದವರಲ್ಲಿ ನೂರಕ್ಕೆ 11 ಮಂದಿಗೆ ಕಿರೀಟಧಮನಿಯ ರೋಗವಿದ್ದಿತು. ಏಳು ಪೌಂಡಿಗಿಂತ ಹೆಚ್ಚು ತೂಕವಿದ್ದವರಲ್ಲಿ ನೂರಕ್ಕೆ 3 ಮಂದಿಗೆ ಮಾತ್ರ. ತಾಯಿಯ ಹೊಟ್ಟೆಗೆ ಬೀಳದ ಅನ್ನವು ಐವತ್ತು ವರ್ಷಗಳ ಅನಂತರ ಮಗನ ಎದೆನೋವಾಗಿ ಕಾಣಿಸಿಕೊಳ್ಳಬಹುದೆಂಬುದು ಇದರ ಸೂಚನೆ. ಬಡತನವೂ ಒಂದು ಬಗೆಯ ಪಿತ್ರಾರ್ಜಿತವೇ. ಆದರೆ ಅದು ಜೀನಿನ ಬರಹವಲ್ಲ.

ನಿಜವಾಗಿಯೂ ಜೀನಿನ ಅಪಾಯ ಹೊತ್ತವರೂ ಕೈಚೆಲ್ಲಿ ಕೂರಬೇಕಾಗಿಲ್ಲ. 55,000ಕ್ಕೂ ಹೆಚ್ಚು ಜನರ ಮಾಹಿತಿಯನ್ನು ಆಧರಿಸಿ 2016ರಲ್ಲಿ ಪ್ರಕಟವಾದ ಒಂದು ಅಧ್ಯಯನವು, ಆನುವಂಶಿಕ ಅಪಾಯ ಅತಿ ಹೆಚ್ಚಾಗಿದ್ದವರಲ್ಲಿಯೂ ಧೂಮಪಾನ ಮಾಡದೆ, ಬೊಜ್ಜು ಬೆಳೆಸದೆ, ವ್ಯಾಯಾಮ ಮತ್ತು ಹಿತಮಿತ ಆಹಾರವನ್ನು ರೂಢಿಸಿಕೊಂಡವರಿಗೆ ಹೃದ್ರೋಗದ ಸಂಭವ ಸುಮಾರು ಅರ್ಧದಷ್ಟು ಕಡಮೆಯೆಂದು ತೋರಿಸಿತು.

ಖಿನ್ನತೆಯ ಹಲವು ವೇಷಗಳು

ದುಃಖವೆಲ್ಲ ಖಿನ್ನತೆಯಲ್ಲ. ಆಪ್ತರು ತೀರಿಕೊಂಡಾಗ, ವ್ಯಾಪಾರ ಮುಳುಗಿದಾಗ ಮನಸ್ಸು ಕುಗ್ಗುವುದು ಸಹಜ. ಆದರೆ ಎರಡು ವಾರಗಳಿಗೂ ಮೀರಿ ಬಹುತೇಕ ದಿನವಿಡೀ ಮಂಕು ಕವಿದಿರುವುದು, ಹಿಂದೆ ಇಷ್ಟವಾಗುತ್ತಿದ್ದ ಯಕ್ಷಗಾನವಾಗಲಿ ಮೊಮ್ಮಕ್ಕಳ ಆಟವಾಗಲಿ ರುಚಿಸದಿರುವುದು, ನಿದ್ರೆ ಹಸಿವುಗಳು ಕೆಡುವುದು, ಆಯಾಸ, ತಾನು ಯಾತಕ್ಕೂ ಬಾರದವನೆಂಬ ಭಾವನೆ, ಸಾವಿನ ಯೋಚನೆ—ಇವು ಒಟ್ಟಾಗಿ ಕಾಣಿಸಿಕೊಂಡರೆ ಅದು ರೋಗ. ಅದು ಮನಸ್ಸಿನ ದೌರ್ಬಲ್ಯವಲ್ಲ, ದೇವರ ಶಾಪವೂ ಅಲ್ಲ. ಗಂಡಸರಿಗಿಂತ ಹೆಂಗಸರಲ್ಲಿ ಇದು ಸುಮಾರು ಎರಡು ಪಟ್ಟು ಹೆಚ್ಚು. ಗಂಡ ಮುಂಜಾನೆಯ ಲೋಕಲ್ ಹಿಡಿದು ಹೊರಟರೆ ರಾತ್ರಿಯೇ ಮರಳುವ, ನೆರೆಯವರ ಭಾಷೆ ತಿಳಿಯದ, ತವರಿನವರು ನೂರಾರು ಮೈಲಿ ದೂರದಲ್ಲಿರುವ ಡೊಂಬಿವಲಿ, ವಿರಾರ್, ನಾಲಾಸೋಪಾರಗಳ ಗೃಹಿಣಿಯರ ಏಕಾಂತವನ್ನು ಈ ಸಂದರ್ಭದಲ್ಲಿ ನೆನೆಯಬೇಕು.

ಕನ್ನಡಿಗರಲ್ಲಿ ಖಿನ್ನತೆಯು ತನ್ನ ನಿಜವಾದ ಹೆಸರಿನಲ್ಲಿ ವೈದ್ಯರ ಮುಂದೆ ಬರುವುದು ಕಡಮೆ. ಅದು ತಲೆಭಾರ, ಎದೆಯುರಿ, ಕೈಕಾಲು ಸೆಳೆತ, ನಿಶ್ಶಕ್ತಿ, "ಗ್ಯಾಸ್" ಎಂಬ ವೇಷಗಳಲ್ಲಿ ಬರುತ್ತದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ 80 ಮಂದಿ ರೋಗಿಗಳನ್ನು ಕುರಿತು ನಡೆದು 1996ರಲ್ಲಿ ಪ್ರಕಟವಾದ ಅಧ್ಯಯನವೊಂದು ಇದರ ಒಳಗುಟ್ಟನ್ನು ಬಿಡಿಸಿತು. ಮೈನೋವು ಎಂದರೆ ಜನ ಮರುಗುತ್ತಾರೆ. ಮನಸ್ಸಿನ ನೋವು ಎಂದರೆ ಮದುವೆಯ ಸಂಬಂಧಗಳು ತಪ್ಪುತ್ತವೆ, ಹೆಸರು ಕೆಡುತ್ತದೆ ಎಂಬ ಅಂಜಿಕೆ ರೋಗಿಗಳಲ್ಲಿತ್ತು. ಖಿನ್ನತೆ ಹೆಚ್ಚಿದಷ್ಟೂ ಕಳಂಕದ ಭಯವೂ ಹೆಚ್ಚಾಗಿತ್ತು.

ಮುಂಬಯಿಯ ಹೋಟೆಲು ಉದ್ಯಮಕ್ಕೆ ಅನೇಕರನ್ನು ಕಳುಹಿಸಿಕೊಟ್ಟ ಕರಾವಳಿಯ ಪ್ರದೇಶವೂ ಇಂತಹ ಅಧ್ಯಯನಕ್ಕೆ ಹೊರತಾಗಿಲ್ಲ. ಆಗಿನ ದಕ್ಷಿಣ ಕನ್ನಡ ಜಿಲ್ಲೆಯ ಕೋಟ ಎಂಬ ಊರಿನಲ್ಲಿ ಬ್ರಾಹ್ಮಣ, ಬಂಟ, ಮೊಗವೀರ ಸಮುದಾಯಗಳ ಮನೆಮನೆಗೆ ಹೋಗಿ ಮಾನಸಿಕ ಆರೋಗ್ಯವನ್ನು ಪರಿಶೀಲಿಸಿದ ಕಾರ್‌ಸ್ಟೇರ್ಸ್ ಮತ್ತು ಆರ್. ಎಲ್. ಕಪೂರ್ ಅವರ ಗ್ರಂಥ 1976ರಲ್ಲಿ ಹೊರಬಂದಿತು. ಮನೋವ್ಯಾಧಿ ನಗರದ ಗದ್ದಲದಿಂದ ಮಾತ್ರ ಹುಟ್ಟುವುದಲ್ಲ, ಹಳ್ಳಿಯ ಹಸುರಿನಲ್ಲಿಯೂ ಅದು ಇದೆ, ಬದಲಾಗುತ್ತಿರುವ ಬದುಕಿನ ಒತ್ತಡ ಅಲ್ಲಿಗೂ ತಲುಪುತ್ತದೆ ಎಂಬುದನ್ನು ಅದು ಕಾಣಿಸಿಕೊಟ್ಟಿತು. ಊರಿನಲ್ಲಿದ್ದರೆ ಎಲ್ಲವೂ ಸರಿಹೋಗುತ್ತಿತ್ತೆಂಬ ವಲಸಿಗರ ನಂಬಿಕೆ ಸಂಪೂರ್ಣ ಸತ್ಯವಲ್ಲ.

ಅವಮಾನವು ದೇಹಕ್ಕೆ ಇಳಿಯುವ ಬಗೆ

ಹುಲಿ ಎದುರಾದಾಗ ಎದೆ ಡವಗುಟ್ಟುವುದು ಜೀವ ಉಳಿಸುವ ಏರ್ಪಾಡು. ಮೂತ್ರಪಿಂಡಗಳ ಮೇಲಿರುವ ಅಡ್ರಿನಲ್ ಗ್ರಂಥಿಗಳು ಅಡ್ರಿನಲಿನ್, ಕಾರ್ಟಿಸಾಲ್ ಎಂಬ ರಸಗಳನ್ನು ರಕ್ತಕ್ಕೆ ಬಿಡುತ್ತವೆ. ನಾಡಿ ತ್ವರಿತಗೊಳ್ಳುತ್ತದೆ, ರಕ್ತದೊತ್ತಡ ಏರುತ್ತದೆ, ಸಕ್ಕರೆ ರಕ್ತಕ್ಕೆ ಹರಿಯುತ್ತದೆ, ಗಾಯವಾದರೆ ರಕ್ತ ಬೇಗ ಹೆಪ್ಪುಗಟ್ಟಲು ಸಿದ್ಧತೆ ನಡೆಯುತ್ತದೆ. ಹುಲಿ ಹೋದೊಡನೆ ಎಲ್ಲವೂ ಮೊದಲಿನ ಸ್ಥಿತಿಗೆ ಬರಬೇಕು. ಆದರೆ ದಿನನಿತ್ಯದ ಅವಮಾನವು ಹೋಗದ ಹುಲಿ. ಮಾಲಿಕನ ಬೈಗುಳ, ಗಿರಾಕಿಯ ತಾತ್ಸಾರ, ಕಚೇರಿಯ ಪಕ್ಷಪಾತಗಳು ಮುಗಿದ ಮೇಲೂ ರಾತ್ರಿ ಚಾಪೆಯ ಮೇಲೆ ಮಲಗಿದವನ ಮನಸ್ಸಿನಲ್ಲಿ ಮತ್ತೆ ಮತ್ತೆ ಮೆಲುಕಾಡುತ್ತವೆ. ಆಪತ್ಕಾಲಕ್ಕೆಂದು ಇದ್ದ ಏರ್ಪಾಡು ನಿತ್ಯದ ಸ್ಥಿತಿಯಾದಾಗ ಧಮನಿಗಳ ಒಳಪದರ ಕೆಡುತ್ತದೆ, ಉರಿಯೂತ ಹೆಚ್ಚುತ್ತದೆ, ಹೊಟ್ಟೆಯ ಸುತ್ತ ಕೊಬ್ಬು ಸೇರುತ್ತದೆ. ಇದರ ಜೊತೆಗೆ ಮನಸ್ಸನ್ನು ಮರೆಸಲು ಬೀಡಿ, ಗುಟ್ಕಾ, ಸಾರಾಯಿ ಸೇರಿಕೊಂಡರೆ ಕೇಡು ಇಮ್ಮಡಿಯಾಗುತ್ತದೆ.

ಸ್ಥಾನಮಾನಕ್ಕೂ ಹೃದಯಕ್ಕೂ ಇರುವ ಸಂಬಂಧವನ್ನು ಲಂಡನ್ನಿನ ಸರ್ಕಾರಿ ನೌಕರರ ಮೇಲೆ 1967ರಲ್ಲಿ ಆರಂಭವಾದ 'ವೈಟ್‌ಹಾಲ್' ಅಧ್ಯಯನ ತೋರಿಸಿಕೊಟ್ಟಿತು. ಅತ್ಯಂತ ಕೆಳಗಿನ ದರ್ಜೆಯವರಲ್ಲಿ ಹೃದ್ರೋಗದಿಂದ ಸಾಯುವವರ ಪ್ರಮಾಣ ಮೇಲಿನ ಅಧಿಕಾರಿಗಳಿಗಿಂತ ಮೂರು ಪಟ್ಟಿಗೂ ಹೆಚ್ಚಾಗಿತ್ತು. ಧೂಮಪಾನ, ರಕ್ತದೊತ್ತಡ ಮುಂತಾದ ಎಲ್ಲವನ್ನೂ ಲೆಕ್ಕಕ್ಕೆ ತೆಗೆದುಕೊಂಡರೂ ಈ ಅಂತರದ ಅರ್ಧಕ್ಕೂ ಹೆಚ್ಚು ಭಾಗ ಉಳಿದೇ ಇದ್ದಿತು. ಮೇಲಧಿಕಾರಿಗೆ ಕೆಲಸ ಹೆಚ್ಚು, ಆದುದರಿಂದ ಹೃದ್ರೋಗವೂ ಹೆಚ್ಚು ಎಂಬ ಕಲ್ಪನೆ ಸುಳ್ಳಾಯಿತು. ಕೆಲಸದ ಭಾರಕ್ಕಿಂತ, ಕೆಲಸದಲ್ಲಿ ತನ್ನ ಮಾತಿಗೆ ಬೆಲೆಯಿಲ್ಲದಿರುವುದೇ ಹೆಚ್ಚು ಹಾನಿಕರವೆಂದು ಅದೇ ಮಾಲೆಯ ಮುಂದಿನ ಅಧ್ಯಯನಗಳು ಸೂಚಿಸಿದವು.

ವಲಸಿಗರ ಕುರಿತ ಅಧ್ಯಯನಗಳು ಇನ್ನೂ ಬೋಧಪ್ರದವಾಗಿವೆ. ಅಮೆರಿಕದಲ್ಲಿ ನೆಲಸಿರುವ ಲ್ಯಾಟಿನ್ ಅಮೆರಿಕ ಮೂಲದ 16,415 ವಯಸ್ಕರನ್ನು ನಾಲ್ಕು ನಗರಗಳಲ್ಲಿ 2008ರಿಂದ 2011ರವರೆಗೆ ಪರೀಕ್ಷೆಗೊಳಪಡಿಸಿ, ಅವರ ಹೃದಯದ ಸ್ಥಿತಿಯನ್ನೂ ಮನಸ್ಸಿನ ಸ್ಥಿತಿಯನ್ನೂ ಜೀನುಗಳನ್ನೂ ಜೊತೆಜೊತೆಯಾಗಿ ಪರಿಶೀಲಿಸುವ ಬೃಹತ್ ಕಾರ್ಯವನ್ನು ಅಲ್ಲಿನ ವಿಜ್ಞಾನಿಗಳು ಕೈಗೊಂಡರು. ಸ್ಪ್ಯಾನಿಷ್ ಆಡುವ ಆ ಜನ ಹೋಟೆಲುಗಳ ಅಡುಗೆಮನೆಗಳಲ್ಲಿ, ಕಟ್ಟಡದ ಕೆಲಸದಲ್ಲಿ, ತೋಟಗಳಲ್ಲಿ ದುಡಿದು ಊರಿಗೆ ಹಣ ಕಳುಹಿಸುವವರು. ಅವರ ಬಾಳಿಗೂ ಮುಂಬಯಿಯ ಕನ್ನಡಿಗರ ಬಾಳಿಗೂ ಇರುವ ಸಾಮ್ಯ ಎದ್ದುಕಾಣುವಂತಹುದು. ಭೇದಭಾವವನ್ನು ಹೆಚ್ಚಾಗಿ ಅನುಭವಿಸಿದೆವೆಂದು ಹೇಳುವವರಲ್ಲಿ ಖಿನ್ನತೆಯ ಲಕ್ಷಣಗಳೂ ಹೆಚ್ಚೆಂಬುದು ಇಂತಹ ಸಮುದಾಯಗಳ ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಂಡುಬಂದಿದೆ.

ಇದರ ಇನ್ನೊಂದು ಮುಖ ಭರವಸೆ ತರುವಂತಹುದು. ಕ್ಯಾಲಿಫೋರ್ನಿಯಾದಲ್ಲಿ ನೆಲಸಿದ್ದ ಜಪಾನೀ ಮೂಲದ 3,809 ಪುರುಷರನ್ನು ಕುರಿತು ಮಾರ್ಮಟ್ ಮತ್ತು ಸೈಮ್ ಎಂಬ ವಿದ್ವಾಂಸರು 1976ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತಮ್ಮ ಭಾಷೆ, ನೆಂಟಸ್ತಿಕೆ, ಸಮುದಾಯದ ಕೂಟಗಳನ್ನು ಉಳಿಸಿಕೊಂಡವರಲ್ಲಿ ಹೃದ್ರೋಗವು ಜಪಾನಿನಲ್ಲಿರುವಷ್ಟೇ ಕಡಮೆಯಿದ್ದಿತು. ಅವೆಲ್ಲವನ್ನೂ ತೊರೆದು ಪಾಶ್ಚಾತ್ಯ ರೀತಿಯಲ್ಲಿ ಬೆರೆತುಹೋದವರಲ್ಲಿ ಅದು ಮೂರರಿಂದ ಐದು ಪಟ್ಟು ಹೆಚ್ಚಾಗಿತ್ತು. ಆಹಾರ, ಧೂಮಪಾನಗಳ ವ್ಯತ್ಯಾಸದಿಂದ ಮಾತ್ರ ಇದನ್ನು ವಿವರಿಸಲು ಸಾಧ್ಯವಾಗಲಿಲ್ಲ. ವಂಶ ಒಂದೇ, ನೆಲಸಿದ ಪ್ರದೇಶ ಒಂದೇ. ಬದಲಾದುದು ಜನರ ನಡುವಣ ನಂಟು.

ಜೀನು ಮತ್ತು ಜಗತ್ತು

ಖಿನ್ನತೆಯೂ ವಂಶದಲ್ಲಿ ಬರುವುದುಂಟೇ ಎಂಬ ಪ್ರಶ್ನೆ ಸಹಜ. ಅವಳಿ ಮಕ್ಕಳ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಜನರ ನಡುವೆ ಖಿನ್ನತೆಗೆ ಗುರಿಯಾಗುವ ಸಂಭವದಲ್ಲಿ ಕಾಣುವ ವ್ಯತ್ಯಾಸದ ನೂರಕ್ಕೆ ಸುಮಾರು 37 ಪಾಲು ಆನುವಂಶಿಕವೆಂದು ತಿಳಿಯುತ್ತದೆ. ಉಳಿದ ಹೆಚ್ಚಿನ ಪಾಲು ಬದುಕಿನ ಸಂದರ್ಭಗಳಿಗೆ ಸೇರಿದ್ದು. ಒಂದೇ ಒಂದು ಜೀನಿನ ಬದಲಾವಣೆಯು ಕಷ್ಟಕ್ಕೆ ಸಿಕ್ಕಿದವರನ್ನು ಖಿನ್ನತೆಗೆ ತಳ್ಳುತ್ತದೆಂದು 2003ರಲ್ಲಿ ಸಾರಿದ ಸಂಶೋಧನೆಯೊಂದು ಜಗತ್ತಿನಾದ್ಯಂತ ಹೆಸರಾಯಿತು. ಆದರೆ ಲಕ್ಷಾಂತರ ಜನರ ಮಾಹಿತಿಯನ್ನು ಜರಡಿ ಹಿಡಿದ 2019ರ ಅಧ್ಯಯನದಲ್ಲಿ ಆ ವಾದ ನಿಲ್ಲಲಿಲ್ಲ. ಖಿನ್ನತೆಗೆ ಒಂದು ಜೀನಿಲ್ಲ. ಒಂದೊಂದೂ ಅತ್ಯಲ್ಪ ಪರಿಣಾಮವುಳ್ಳ ನೂರಾರು ಜೀನುಗಳ ಕೂಟವಿದೆ. ಅವುಗಳ ಪಟ್ಟಿಯನ್ನು ತಯಾರಿಸಿದ ಅಧ್ಯಯನಗಳಲ್ಲಿ ಯೂರೋಪಿನ ಮೂಲದವರೇ ಬಹುಸಂಖ್ಯಾತರು. ಆದುದರಿಂದ ಅಂತಹ ಪಟ್ಟಿಯನ್ನು ಹಿಡಿದು ಮುಂಬಯಿಯ ಕನ್ನಡಿಗನೊಬ್ಬನ ಭವಿಷ್ಯ ಹೇಳುವುದು ಗಿಣಿಶಾಸ್ತ್ರಕ್ಕಿಂತ ಬಹಳ ಮೇಲೇನೂ ಅಲ್ಲ.

ಬೀಜದ ಗುಣ, ನೆಲದ ಗುಣ, ಮಳೆಯ ಗುಣ ಮೂರೂ ಸೇರಿಯೇ ಬೆಳೆ. ಬೀಜವನ್ನು ಮಾತ್ರ ದೂರುವುದು ಒಂದು ಅನುಕೂಲದ ಮಾತು. ಏಕೆಂದರೆ ಹಾಗೆ ದೂರಿದರೆ ನೆಲವನ್ನು ಹದಗೊಳಿಸುವ ಹೊಣೆ ಯಾರ ಮೇಲೂ ಬೀಳುವುದಿಲ್ಲ.

ಖಿನ್ನತೆ ಮತ್ತು ಹೃದಯಾಘಾತ

ಕೆನಡಾದ ಮಾಂಟ್ರಿಯಲ್ ನಗರದಲ್ಲಿ ಹೃದಯಾಘಾತದಿಂದ ಆಸ್ಪತ್ರೆ ಸೇರಿದ 222 ಮಂದಿಯನ್ನು ಆರು ತಿಂಗಳ ಕಾಲ ಗಮನಿಸಿ 1993ರಲ್ಲಿ ಪ್ರಕಟಿಸಿದ ಅಧ್ಯಯನ ವೈದ್ಯಲೋಕವನ್ನು ಎಚ್ಚರಿಸಿತು. ಹೃದಯದ ಹಾನಿಯ ಪ್ರಮಾಣ ಮುಂತಾದವನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೂ, ಖಿನ್ನರಾಗಿದ್ದವರಲ್ಲಿ ಸಾವಿನ ಅಪಾಯ ಇತರರಿಗಿಂತ ಸುಮಾರು ನಾಲ್ಕು ಪಟ್ಟು ಹೆಚ್ಚಾಗಿತ್ತು. ಹೃದಯಾಘಾತವಾದವರಲ್ಲಿ ಖಿನ್ನತೆಯನ್ನು ಅಪಾಯದ ಅಂಶವಾಗಿ ಪರಿಗಣಿಸಬೇಕೆಂದು ಅಮೆರಿಕದ ಹೃದಯ ಸಂಘದ ತಜ್ಞಸಮಿತಿ 2014ರಲ್ಲಿ ಶಿಫಾರಸು ಮಾಡಿತು. ಕಾರಣ ಗಹನವಾದುದಲ್ಲ. ಖಿನ್ನನಾದವನು ಮಾತ್ರೆಗಳನ್ನು ಮರೆಯುತ್ತಾನೆ, ನಡೆಯಲು ಹೋಗುವುದಿಲ್ಲ, ಬಿಟ್ಟ ಸಿಗರೇಟಿಗೆ ಮರಳುತ್ತಾನೆ. ಅವನ ನಾಡಿಯ ಸಹಜ ಏರಿಳಿತ ಕುಗ್ಗುತ್ತದೆ, ರಕ್ತದ ಹೆಪ್ಪುಗಟ್ಟುವ ಗುಣ ಹೆಚ್ಚುತ್ತದೆ.

ಖಿನ್ನತೆಗೆ ಚಿಕಿತ್ಸೆ ಕೊಟ್ಟರೆ ಹೃದಯವೂ ಉಳಿಯುವುದೇ? ಇಲ್ಲಿ ಅತಿಯಾದ ಆಶ್ವಾಸನೆ ಸಲ್ಲದು. ಸುಮಾರು 2,500 ರೋಗಿಗಳ ಮೇಲೆ ನಡೆದ, 2003ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಚಿಕಿತ್ಸೆಯಿಂದ ಮನಸ್ಸು ಚೇತರಿಸಿತಾದರೂ ಮರಣಗಳ ಸಂಖ್ಯೆ ತಗ್ಗಲಿಲ್ಲ. ಆದರೆ ಮನಸ್ಸಿನ ಚಿಕಿತ್ಸೆಯನ್ನೂ ದೇಹದ ಚಿಕಿತ್ಸೆಯನ್ನೂ ಒಂದೇ ಕಡೆ ಹೊಂದಿಸಿದಾಗ ಫಲ ಬೇರೆಯಾಯಿತು. ಭಾರತದ ನಾಲ್ಕು ಮಧುಮೇಹ ಚಿಕಿತ್ಸಾಲಯಗಳಲ್ಲಿ ಖಿನ್ನತೆಯೂ ಇದ್ದ 404 ರೋಗಿಗಳ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಹೀಗೆ ಕೂಡಿಸಿ ಆರೈಕೆ ಮಾಡಿದವರಲ್ಲಿ ಎರಡು ವರ್ಷಗಳ ಕೊನೆಗೆ ಖಿನ್ನತೆಯೊಡನೆ ಸಕ್ಕರೆ, ರಕ್ತದೊತ್ತಡ, ಕೊಲೆಸ್ಟೆರಾಲುಗಳ ಹತೋಟಿಯೂ ಒಟ್ಟಾರೆ ಉತ್ತಮವಾಗಿತ್ತು. ಇನ್ನು, ನೆಮ್ಮದಿಯಿಂದ ಬದುಕುವುದೇ ಒಂದು ಲಾಭವಲ್ಲವೇ?

ಮಾಡಬೇಕಾದುದೇನು?

ತಂದೆ ಅಥವಾ ಸೋದರನಿಗೆ 55ಕ್ಕೆ ಮುನ್ನ, ತಾಯಿ ಅಥವಾ ಸೋದರಿಗೆ 65ಕ್ಕೆ ಮುನ್ನ ಹೃದ್ರೋಗ ಬಂದಿದ್ದರೆ ಅಂತಹ ಮನೆಯವರು ಮೂವತ್ತರ ಒಳಗಾಗಿಯೇ ರಕ್ತದೊತ್ತಡ, ಸಕ್ಕರೆ ಮತ್ತು ಕೊಲೆಸ್ಟೆರಾಲುಗಳನ್ನು ಪರೀಕ್ಷಿಸಿಕೊಳ್ಳಬೇಕು. ಲೈಪೊಪ್ರೋಟೀನ್-ಎ ಪರೀಕ್ಷೆಯನ್ನು ಜೀವಮಾನದಲ್ಲಿ ಒಮ್ಮೆ ಮಾಡಿಸಿದರೆ ಸಾಕು. ಸೊಂಟದ ಸುತ್ತಳತೆ ಗಂಡಸರಲ್ಲಿ 90, ಹೆಂಗಸರಲ್ಲಿ 80 ಸೆಂಟಿಮೀಟರ್ ಮೀರದಂತೆ ನೋಡಿಕೊಳ್ಳಬೇಕು. ಎದೆಯಲ್ಲಿ ಒತ್ತಿದಂತಹ ನೋವು, ಎಡತೋಳಿಗೋ ದವಡೆಗೋ ಹರಡುವ ನೋವು, ಬೆವರು, ಉಸಿರಾಟದ ಕಷ್ಟಗಳು ಕಂಡರೆ ಗ್ಯಾಸ್ ಎಂದು ಸೋಡಾ ಕುಡಿದು ಕಾಲಹರಣ ಮಾಡದೆ 108ಕ್ಕೆ ಕರೆ ಮಾಡಬೇಕು.

ಮನಸ್ಸಿನ ಪರೀಕ್ಷೆಗೆ ಎರಡು ಪ್ರಶ್ನೆಗಳಿಂದ ಆರಂಭಿಸಬಹುದು. ಕಳೆದ ಎರಡು ವಾರಗಳಲ್ಲಿ ಕೆಲಸಕಾರ್ಯಗಳಲ್ಲಿ ಆಸಕ್ತಿಯಾಗಲಿ ಸಂತೋಷವಾಗಲಿ ಕುಂದಿದೆಯೇ? ಮನಸ್ಸು ಕುಗ್ಗಿ, ಬೇಸರಗೊಂಡು, ನಿರಾಶೆಯಿಂದಿದೆಯೇ? ಬಹುತೇಕ ದಿನಗಳಲ್ಲಿ ಹೌದು ಎಂದಾದರೆ ವೈದ್ಯರನ್ನು ಕಾಣಬೇಕು. ಪರೇಲಿನ ಕೆ.ಇ.ಎಂ., ಮುಂಬಯಿ ಸೆಂಟ್ರಲ್‌ನ ನಾಯರ್, ಸಯನ್ನಿನ ಲೋಕಮಾನ್ಯ ತಿಲಕ್ ಆಸ್ಪತ್ರೆಗಳು ನಗರಪಾಲಿಕೆಯವು. ಅಲ್ಲಿ ಮನೋರೋಗ ವಿಭಾಗಗಳಿವೆ. ಕೇಂದ್ರ ಸರ್ಕಾರವು 2022ರ ಅಕ್ಟೋಬರಿನಲ್ಲಿ ಆರಂಭಿಸಿದ ಟೆಲಿ-ಮಾನಸ್ ಸೇವೆಗೆ 14416 ಸಂಖ್ಯೆಯ ಮೂಲಕ ಯಾವ ಹೊತ್ತಿನಲ್ಲಿಯೂ ಉಚಿತವಾಗಿ ಕರೆ ಮಾಡಬಹುದು. ಅದು ಕನ್ನಡವೂ ಸೇರಿದಂತೆ ಹಲವು ಭಾಷೆಗಳಲ್ಲಿ ಲಭ್ಯವಿದೆ. ಸಾವಿನ ಯೋಚನೆ ಬರುತ್ತಿದ್ದರೆ ಮರುದಿನಕ್ಕೆ ಕಾಯಬಾರದು. ಅಂತಹವರನ್ನು ಒಂಟಿಯಾಗಿ ಬಿಡಬಾರದು. 2017ರ ಮಾನಸಿಕ ಆರೋಗ್ಯ ಕಾಯಿದೆಯು, ದೇಹದ ಕಾಯಿಲೆಗೆ ಅನ್ವಯಿಸುವಂತೆಯೇ ಮನಸ್ಸಿನ ಕಾಯಿಲೆಗೂ ವಿಮೆಯ ಸೌಲಭ್ಯ ಇರತಕ್ಕದ್ದೆಂದು ವಿಧಿಸಿದೆ.

ಉದ್ಯೋಗದಾತರ ಹೊಣೆ ಸಣ್ಣದಲ್ಲ. ಹದಿನಾಲ್ಕು ವರ್ಷದೊಳಗಿನ ಮಕ್ಕಳನ್ನು ಹೋಟೆಲುಗಳಲ್ಲಿ ದುಡಿಸುವುದು 2006ರ ಅಕ್ಟೋಬರಿನಿಂದಲೇ ನಿಷಿದ್ಧವಾಗಿದೆ. ದೊಡ್ಡವರ ವಿಷಯದಲ್ಲಿಯೂ ವಾರಕ್ಕೊಂದು ರಜೆ, ಕಾಲು ಚಾಚಿ ಮಲಗಲು ಗಾಳಿಯಾಡುವ ಜಾಗ, ವರ್ಷಕ್ಕೊಮ್ಮೆ ಊರಿಗೆ ಹೋಗಿಬರುವ ಅವಕಾಶ, ಹೆಸರಿಡಿದು ಕರೆಯುವ ಸೌಜನ್ಯ—ಇವು ದಾನಧರ್ಮದ ಮಾತಲ್ಲ, ಹೃದಯದ ಚಿಕಿತ್ಸೆಯ ಭಾಗ. ರಕ್ತದೊತ್ತಡದ ಮಾತ್ರೆಯ ಖರ್ಚಿಗಿಂತ ಇವುಗಳ ಖರ್ಚು ಹೆಚ್ಚೇನಲ್ಲ.

ಕನ್ನಡ ಸಂಘಗಳ ಪಾತ್ರವೂ ಇಲ್ಲಿಯೇ ಬರುತ್ತದೆ. ನೆರೆಯ ಗೋವಾದಲ್ಲಿ ಮುಂಬಯಿಯವರೇ ಆದ ಡಾ. ವಿಕ್ರಮ್ ಪಟೇಲ್ ಮತ್ತು ಅವರ ಸಹೋದ್ಯೋಗಿಗಳು ವೈದ್ಯರಲ್ಲದ ಸಾಮಾನ್ಯ ಜನರಿಗೆ ತರಬೇತಿ ನೀಡಿ, ಅವರಿಂದಲೇ ಖಿನ್ನತೆಯುಳ್ಳವರಿಗೆ ಆಪ್ತಸಮಾಲೋಚನೆ ಕೊಡಿಸಿದರು. ಆರರಿಂದ ಎಂಟು ಭೇಟಿಗಳಲ್ಲಿ ತೀವ್ರ ಖಿನ್ನತೆಯೂ ಎಷ್ಟೋ ಮಟ್ಟಿಗೆ ಹಿಡಿತಕ್ಕೆ ಬಂದಿತೆಂದು 2017ರಲ್ಲಿ ಪ್ರಕಟವಾದ ಫಲಿತಾಂಶ ತಿಳಿಸಿತು. ರೋಗಿಯನ್ನು ಮತ್ತೆ ನಡೆದಾಟಕ್ಕೆ, ಗೆಳೆಯರ ಭೇಟಿಗೆ, ಬಿಟ್ಟುಬಿಟ್ಟಿದ್ದ ಹವ್ಯಾಸಕ್ಕೆ ಹೆಜ್ಜೆಹೆಜ್ಜೆಯಾಗಿ ಮರಳಿಸುವುದೇ ಆ ಚಿಕಿತ್ಸೆಯ ತಿರುಳು. ಸಂಘಗಳಲ್ಲಿರುವ ನಿವೃತ್ತ ಅಧ್ಯಾಪಕರು, ದಾದಿಯರು, ಮಹಿಳಾ ವಿಭಾಗದ ಸದಸ್ಯೆಯರು ಇಂತಹ ತರಬೇತಿ ಪಡೆಯಲು ತಕ್ಕವರು. ಸಂಘದ ವಾರ್ಷಿಕ ರಕ್ತಪರೀಕ್ಷೆಯ ಶಿಬಿರದಲ್ಲಿ ಸಕ್ಕರೆಯ ಪರೀಕ್ಷೆಯ ಮೇಜಿನ ಪಕ್ಕದಲ್ಲಿ, ಮೇಲಿನ ಎರಡು ಪ್ರಶ್ನೆಗಳನ್ನು ಕನ್ನಡ ತುಳುಗಳಲ್ಲಿ ಕೇಳುವ ಇನ್ನೊಂದು ಮೇಜನ್ನು ಇರಿಸಬಹುದು. ಶಿಬಿರವನ್ನು ಸಭಾಭವನದಲ್ಲಿ ಮಾತ್ರ ನಡೆಸದೆ ಹೋಟೆಲು ಕಾರ್ಮಿಕರ ಬಿಡುವಿನ ವೇಳೆಗೆ ಹೊಂದಿಸಬಹುದು. ಗಾರೆ ಕೆಲಸದವರ ಬಸ್ತಿಗಳಿಗೆ ಒಯ್ಯಬಹುದು.

ರಾತ್ರಿಶಾಲೆಗಳನ್ನು ತೆರೆದ ಹಿರಿಯರು ತಾವು ವೈದ್ಯಕೀಯ ಸೇವೆ ಮಾಡುತ್ತಿದ್ದೇವೆಂದು ತಿಳಿದಿರಲಾರರು. ಅಕ್ಷರದ ಜೊತೆಗೆ ಅವರು ಹೋಟೆಲು ಹುಡುಗನಿಗೆ ಒಂದು ಹೆಸರನ್ನು, ಒಂದು ಬೆಂಚನ್ನು, ತನ್ನ ಮಾತನ್ನು ಕೇಳುವ ನಾಲ್ಕು ಜನರನ್ನು ಕೊಟ್ಟರು. ಇಂದು ಅಂತಹ ಹುಡುಗರು ವಿರಾರಿನಲ್ಲಿಯೂ ನವಿ ಮುಂಬಯಿಯಲ್ಲಿಯೂ ಇದ್ದಾರೆ. ಅವರಲ್ಲಿ ಬಹುಮಂದಿ ಯಾವ ಸಂಘದ ಸದಸ್ಯರೂ ಅಲ್ಲ. ಅವರಿಗೆ ವಂಶದಿಂದ ಬಂದುದನ್ನು ಯಾರೂ ಅಳಿಸಲಾರರು. ಅವರು ಒಂಟಿಯಲ್ಲವೆಂಬುದನ್ನು ತಿಳಿಯಪಡಿಸುವುದು ಮಾತ್ರ ಪ್ರತಿಯೊಂದು ಸಂಘಕ್ಕೂ ಪ್ರತಿಯೊಂದು ಮನೆಗೂ ಸಾಧ್ಯವಾದ ಕೆಲಸ.